ನೂರಾ ಮೂವತ್ತೆರಡು ಪರ್ಸೆಂಟ್ ಕೊತ್ತಂಬರಿ

ಶಹಾಪುರದ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಸಂಗಮನಾಥ ಸರ್‌ಗೆ ಒಂದು ಗಿಡವೂ ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಅವರ ಲ್ಯಾಬಿನಲ್ಲಿ ಅಟೆಂಡರ್ ಆಗಿರುವ ನಾನು, ತಾಯಪ್ಪ, ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಈ ವರ್ಷ ಅವರಿಗೆ ಬಣ್ಣದ ಎಲ್ಇಡಿ ದೀಪದ ಹುಚ್ಚು ಹಿಡಿಯಿತು. ಐದು ರಟ್ಟಿನ ಪೆಟ್ಟಿಗೆ ತರಿಸಿದರು. ನಾಲ್ಕಕ್ಕೆ ಕೆಂಪು, ನೀಲಿ, ಹಸಿರು, ಬಿಳಿ ದೀಪ, ಐದನೆಯದು ಕತ್ತಲು. ಒಂದೊಂದರಲ್ಲೂ ನೂರು ಕೊತ್ತಂಬರಿ ಕಾಳು. ಯಾವ ಬೆಳಕಿಗೆ ಹೆಚ್ಚು ಮೊಳಕೆ ಬರುತ್ತದೆ ಎಂಬುದು ಪ್ರಶ್ನೆ. ಬಿತ್ತಿದ್ದು, ನೀರು ಚಿಮುಕಿಸಿದ್ದು, ಎಣಿಸಿದ್ದು ಎಲ್ಲ ಕೊನೆಯ ವರ್ಷದ ವಿದ್ಯಾರ್ಥಿನಿ ಮೆಹನಾಜ. ಸಗರದವಳು, ಮನೆಯವರು ಸೊಪ್ಪು ಬೆಳೆಯುವವರು. ಈ ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂದರೆ ಮಾತ್ರ ಅವಳಿಗೆ ಎಂ.ಎಸ್ಸಿ. ಸೀಟು. ಸರ್ ಮಾಡಿದ್ದು ಪೆಟ್ಟಿಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದು.

ಹದಿನೈದನೆಯ ದಿನ ಕೆಂಪು ಪೆಟ್ಟಿಗೆಯಲ್ಲಿ ನೂರಾ ಮೂವತ್ತೆರಡು ಮೊಳಕೆ ಎದ್ದಿದ್ದವು.

“ನೂರಾ ಮೂವತ್ತೆರಡು ಪರ್ಸೆಂಟ್! ಜಗತ್ತಿನ್ಯಾಗ ಯಾರಿಗೂ ಬಂದಿಲ್ಲ!” ಎಂದು ಸರ್ ಕುಣಿದರು. ಅಲ್ಪನಿಗೆ ಐಶ್ವರ್ಯ ಬಂದ ಹಾಗಾಯಿತು. ಸಂಜೆಯೊಳಗೆ ಬ್ಯಾನರೂ ಬಂತು.

“ಸರ, ಒಂದು ಕಾಳಿನ್ಯಾಗ ಎರಡು ಬೀಜ ಇರತಾವ್ರಿ,” ಎಂದಳು ಮೆಹನಾಜ. “ಇನ್ನೂರಕ್ಕ ಲೆಕ್ಕ ಹಾಕಿದ್ರ ಅರವತ್ತಾರ ಪರ್ಸೆಂಟ್ ಆಗತೈತ್ರಿ. ಕತ್ತಲಿ ಪೆಟಗಿಯೊಳಗ ನೂರಾ ಮೂವತ್ತೆಂಟು ಬಂದಾವ್ರಿ.”

“ಅದು ಲೆಕ್ಕಕ್ಕಿಲ್ಲ, ಅದಕ್ಕ ಬಲ್ಬೇ ಇಲ್ಲಲ್ಲ! ಕಾಯಿಪಲ್ಲೆ ಮಾರೋರ ಬಾಟನಿ ನನ್ನ ಮುಂದ ತೆಗಿಬ್ಯಾಡ. ನಾ ಹೇಳಿದ್ದು ಬರಿ, ಇಲ್ಲಾಂದ್ರ ಅಂಕದ ಆಸೆ ಬಿಡು.”

ಥೂ! ಇಂಥವರಿಗೆ ದಿನಾ ಬೆಳಿಗ್ಗೆ ನಮಸ್ಕಾರ ಹೊಡೆಯುವ ನನ್ನ ಕೈಗೆ ಬುದ್ಧಿಯಿಲ್ಲ.

ಪ್ರಾಜೆಕ್ಟ್ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ಬ್ಯಾನರ್ ಓದಿ ಮೆಹನಾಜಳತ್ತ ತಿರುಗಿದರು. “ನೂರರ ಮ್ಯಾಲೆ ಹ್ಯಾಂಗ ಬಂತವ್ವಾ?”

ಹುಡುಗಿ ಬಗ್ಗಿ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. ಸರ್ ಮೂರು ಹೆಜ್ಜೆ ಹಿಂದೆ ಹಾರಿ ಬೀರುವಿಗೆ ಬಡಿದುಕೊಂಡರು. ಅವಳು ಅವರತ್ತ ನೋಡಲೂ ಇಲ್ಲ. ಬಿತ್ತಿ ಉಳಿದ ಕೊತ್ತಂಬರಿ ಕಾಳನ್ನು ಒಂದು ಹಿಡಿ ನೆಲದ ಮೇಲೆ ಹರಡಿ, ಮನೆಯಲ್ಲಿ ಬಿತ್ತುವ ಮೊದಲು ತಿಕ್ಕುವಂತೆ ಚಪ್ಪಲಿಯಿಂದ ತಿಕ್ಕಿದಳು. ಕಾಳುಗಳು ಎರಡೆರಡು ಹೋಳಾದವು.

“ಎರಡೂ ಹುಟ್ಟತಾವ್ರಿ ಮೇಡಂ.”

ಪರೀಕ್ಷಕಿ ಐವತ್ತಕ್ಕೆ ನಲವತ್ತೆಂಟು ಬರೆದು ಎದ್ದರು.

ಮರುದಿನವೇ ಸರ್ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು: ವಿದ್ಯಾರ್ಥಿನಿ ಗುರುವಿನ ಮೇಲೆ ಚಪ್ಪಲಿ ಎತ್ತಿದ್ದಾಳೆ, ಅಂಕ ರದ್ದು ಮಾಡಬೇಕು. ಸಾಕ್ಷಿಗೆ ನನ್ನನ್ನು ಕರೆಸಿದರು. “ಕಂಡದ್ದಷ್ಟ ಬರಿ ತಾಯಪ್ಪ,” ಎಂದು ಸರ್ ತಾವೇ ಪೆನ್ನು ಕೊಟ್ಟರು.

ಕಂಡದ್ದನ್ನೇ ಬರೆದೆ. ಚಪ್ಪಲಿ ಎತ್ತಿದ್ದು ನಿಜ, ತಿಕ್ಕಿದ್ದು ಕೊತ್ತಂಬರಿ ಕಾಳು, ಸರ್ ಹಿಂದಕ್ಕೆ ಹಾರಿದ್ದು ಅದಕ್ಕೂ ಮೊದಲು.

ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೌದಲ್ರಿ ಸಂಗಮನಾಥ, ನೀವ್ಯಾಕ ಹೆದರಿದ್ರಿ?”