ಅಕ್ಕಯಮ್ಮನ ಮಣ್ಣು

ಸೂಲಿಬೆಲೆಯಿಂದ ಸ್ವಲ್ಪ ಒಳಗಿರುವ ಒಂದು ಊರಿನಲ್ಲಿ ಕೆಂಪರಾಜು ರೇಷ್ಮೆ ಹುಳು ಸಾಕುತ್ತಿದ್ದ. ಸಂಜೆ ಅವನು ಪಡಸಾಲೆಯಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದು, ಹೆಂಡತಿ ಗಂಗಲಕ್ಷ್ಮಮ್ಮ ಅದನ್ನು ಬಿದಿರಿನ ತಟ್ಟೆಗಳ ಮೇಲೆ ಹರಡುವುದು, ಒಂಬತ್ತನೇ ಕ್ಲಾಸಿನ ಮಗಳು ಮಾನಸ ಕಂಬಕ್ಕೊರಗಿ ಗಟ್ಟಿಯಾಗಿ ಪಾಠ ಓದುವುದು ಆ ಮನೆಯ ದಿನಚರಿ. ಹುಳುಗಳು ಸೊಪ್ಪು ಮೇಯುವ ಸದ್ದು ಹನಿ ಉದುರಿದಂತೆ ಕೇಳುತ್ತಿತ್ತು. ಆ ವರ್ಷ ಊರಿನಲ್ಲಿ ಮಳೆಯಂಥ ಸದ್ದು ಕೇಳಿದ್ದು ಅದೊಂದೇ.

"ಬರಗಾಲಾನೂ ಒಂದು ನೈಸರ್ಗಿಕ ವಿಕೋಪ ಅಂತೆ," ಎಂದಳು ಮಾನಸ, ಭೂಗೋಳದ ಪುಸ್ತಕದಿಂದ ತಲೆಯೆತ್ತಿ. "ನಾವಿರೋದು ಮಳೆ ನೆರಳಿನ ಪ್ರದೇಶ ಕಣಪ್ಪಾ. ಸಮುದ್ರದಿಂದ ಬರೋ ಮೋಡ ಘಟ್ಟದ ಆಚೇನೇ ಸುರಿದ್ಬಿಡುತ್ತೆ. ಉಳಿದಿದ್ದು ನಮಗೆ."

"ಉಳಿದಿದ್ದೂ ಬರ್ಲಿಲ್ವಲ್ಲೇ ಈ ಸಲ," ಎಂದ ಕೆಂಪರಾಜು.

ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣ ಅದು. ರಾಗಿ ಪೈರು ಗೇಣುದ್ದ ಬೆಳೆದು ಒಣಗಿ ನಿಂತಿತ್ತು. ಕೆರೆಯಂಗಳ ಬಿರುಕು ಬಿಟ್ಟಿತ್ತು. ಊರ ಹಿರಿಯ ದೊಡ್ಡಮುನಿಯಪ್ಪ ಅರಳಿಕಟ್ಟೆಗೆ ಬಾ ಎಂದು ಹೇಳಿಕಳಿಸಿದಾಗ, ಯಾಕೆಂದು ಕೆಂಪರಾಜುವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನ ತಾಯಿ ಅಕ್ಕಯಮ್ಮನಿಗೆ ತೊನ್ನಿತ್ತು. ತುಟಿ, ಕೈ, ಪಾದ ಬೆಳ್ಳಗಾಗಿದ್ದವು. ಅದರಿಂದ ಅವಳಿಗೆ ನೋವಿರಲಿಲ್ಲ, ಯಾರಿಗೂ ಅಂಟುವ ರೋಗವೂ ಅದಲ್ಲ. ಆದರೂ ಮದುವೆ ಮನೆಗಳಲ್ಲಿ ಅವಳ ಎಲೆ ಪಂಕ್ತಿಯ ಕೊನೆಗೆ ಬೀಳುತ್ತಿತ್ತು. ಆರತಿ ತಟ್ಟೆ ಅವಳ ಕೈಗೆ ಬರುತ್ತಲೇ ಇರಲಿಲ್ಲ. ತೊನ್ನಿದ್ದವರನ್ನು ಹೂತರೆ ಮಳೆ ಮುನಿಯುತ್ತದೆ ಎಂಬುದು ಊರಿನ ನಂಬಿಕೆ. ಮಳೆ ಕೈಕೊಟ್ಟ ವರ್ಷ ಅಂಥವರ ಹೆಣ ಅಗೆದು ತೆಗೆದು ಸುಡುವುದು ಪದ್ಧತಿ. ಎರಡು ವರ್ಷದ ಹಿಂದೆ ಅಕ್ಕಯಮ್ಮ ತೀರಿಕೊಂಡಾಗ ಕೆಂಪರಾಜು ಯಾರ ಮಾತೂ ಕೇಳದೆ ತನ್ನ ಹೊಲದ ಅಂಚಿನಲ್ಲಿ, ಅಪ್ಪನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದ್ದ.

"ಶುಕ್ರವಾರ ತೆಗೆದುಬಿಡಾಣ ಕಣಪ್ಪ," ಎಂದ ದೊಡ್ಡಮುನಿಯಪ್ಪ, ಅರಳಿಕಟ್ಟೆಯ ಮೇಲೆ ಕೂತು. "ನಿಮ್ಮವ್ವನ ಮೇಲೆ ನಮಗೇನು ಹಗೆ ಇಲ್ಲ. ಊರು ಉಳೀಬೇಕಲ್ಲ."

ಹೈಸ್ಕೂಲಿನ ಶಶಿಕುಮಾರ್ ಮೇಷ್ಟ್ರು ಮನೆಗೆ ಹೊರಟವರು ಸೈಕಲ್ ನಿಲ್ಲಿಸಿದರು.

"ಗೌಡ್ರೇ, ಹೋದ ವರ್ಷ ಒಳ್ಳೇ ಮಳೆ ಆಯ್ತಲ್ಲ? ಆಗ್ಲೂ ಆ ಯಮ್ಮ ಅಲ್ಲೇ ಇದ್ದದ್ದು."

"ಸತ್ತೋರು ಒಂದು ವರ್ಷ ಬಿಡ್ತಾರೆ ಮೇಷ್ಟ್ರೇ. ಆಮೇಲೆ ಮಳೇನ ಹಿಡೀತಾರೆ."

"ದೇವನಹಳ್ಳಿ ಕಡೇನೂ ಮಳೆ ಇಲ್ಲ. ಅಲ್ಲಿ ಯಾರು ಹಿಡ್ಕೊಂಡವ್ರೆ?"

"ಯಾರೋ ಇರ್ತಾರೆ. ಅದು ಅವರೂರಿನ ವಿಚಾರ."

ಮೇಷ್ಟ್ರು ಸೋಲಲಿಲ್ಲ. "ಗೋಮಾಳದ ಹೊಂಗೆ, ಜಾಲಿ ಎಲ್ಲಾ ಕಡಿದು ನೀಲಗಿರಿ ಹಾಕಿದ್ರಿ. ಕೆರೆಗೆ ನೀರು ತರೋ ಕಾಲುವೆ ಮುಚ್ಚಿ ಉಳುಮೆ ಮಾಡಿದ್ರಿ. ಇನ್ನು ಬಿದ್ದ ಮಳೆನೂ ಕೆರೆ ಸೇರಲ್ಲ. ಗುದ್ದಲಿ ಎತ್ತೋದಾದ್ರೆ ಕಾಲುವೆ ಬಿಡಿಸೋಕೆ ಎತ್ತಿ. ನಾನೂ ಬರ್ತೀನಿ."

"ಪಾಠ ಮಕ್ಕಳಿಗೆ ಹೇಳಿ," ಎಂದ ದೊಡ್ಡಮುನಿಯಪ್ಪ. ಕೂತವರು ನಕ್ಕರು. ಅವನು ಕೆಂಪರಾಜು ಕಡೆ ತಿರುಗಿದ. "ಮೊದಲ್ನೇ ಏಟು ಹೊಟ್ಟೇಲಿ ಹುಟ್ಟಿದ ಮಗಂದೇ ಆಗ್ಬೇಕು. ಇಲ್ದಿದ್ರೆ ಅಗೆದೋನಿಗೆ ಪಾಪ ಸುತ್ಕೊಳ್ಳುತ್ತೆ. ಆಗಲ್ಲ ಅಂದ್ರೆ ಬೋರ್‌ವೆಲ್ ನೀರಿಗೆ ನಿಮ್ಮ ಮನೆಯೋರು ಬರಂಗಿಲ್ಲ."

ಕೆಂಪರಾಜು ನೆಲ ನೋಡಿದ. "ಆಗ್ಲಿ," ಎಂದ.

ಮನೆಯಲ್ಲಿ ಈ ಮಾತು ಹೇಳಿದಾಗ ಗಂಗಲಕ್ಷ್ಮಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಒಳಕ್ಕೆ ಹೋದಳು. ಆಮೇಲೆ ಹೊತ್ತುಹೊತ್ತಿಗೆ ಮುದ್ದೆ ಬಡಿಸಿದಳು, ಹುಳುವಿಗೆ ಸೊಪ್ಪು ಹಾಕಿದಳು. ಗಂಡನ ಜೊತೆ ಮಾತ್ರ ಮಾತಿಲ್ಲ.

ಮಾನಸ ಬಿಡಲಿಲ್ಲ. "ಅಜ್ಜೀನ ಸುಟ್ರೆ ಮೋಡ ಘಟ್ಟ ದಾಟಿ ಬರುತ್ತಾ ಅಪ್ಪಾ?"

"ಓದೋದು ನೋಡ್ಕೋ," ಎಂದು ಗದರಿದ. ಆದರೆ ಆ ಪ್ರಶ್ನೆ ಅವನ ಬೆನ್ನು ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಡಸರು ಹೊಲದ ಹತ್ತಿರ ಸೇರಿದರು. ಗುದ್ದಲಿ, ಸೀಮೆಎಣ್ಣೆ, ಹಳೇ ಟೈರುಗಳು. ಕೆಲವರ ಬಾಯಲ್ಲಿ ಆಗಲೇ ಸಾರಾಯಿ ವಾಸನೆ. ಕೆಂಪರಾಜು ಗುದ್ದಲಿ ಹಿಡಿದು ಮುಂದೆ ಬಂದ. ಅವ್ವನ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಹಗ್ಗ ಕಟ್ಟಿದ ಪಾತಾಳಗರಡಿ ಬಿದ್ದಿತ್ತು. ಬಾವಿಗೆ ಬಿದ್ದ ಕೊಡ, ಬಿಂದಿಗೆ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು.

"ಇದ್ಯಾಕೆ?" ಎಂದು ಕೇಳಿದ.

"ಮೇಲಕ್ಕೆ ಎಳೆಯೋಕೆ," ಎಂದ ದೊಡ್ಡಮುನಿಯಪ್ಪ. "ಕೈಯಲ್ಲಿ ಯಾರು ಮುಟ್ತಾರೆ?"

ಕೆಂಪರಾಜು ಆ ಕೊಕ್ಕೆಗಳನ್ನು ನೋಡುತ್ತ ನಿಂತ. ತಾಯಿ ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಅವಳನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದವನು ಅವನೇ. ಆಗಲೇ ಅವಳು ಸೊಪ್ಪಿನ ಹೊರೆಗಿಂತ ಹಗುರವಾಗಿದ್ದಳು. ಎತ್ತಿದಾಗಲೆಲ್ಲ, "ಸೊಂಟ ಹಿಡ್ಕೊಂಡೀತು ಮಗಾ, ಮೆಲ್ಲಗೆ," ಎನ್ನುತ್ತಿದ್ದಳು.

ಗುದ್ದಲಿಯನ್ನು ಕೆಳಗಿಟ್ಟ.

"ಆಗಲ್ಲ."

"ಏನಂದೆ?"

"ಆಗಲ್ಲ ಅಂದೆ. ನಮ್ಮವ್ವನ್ನ ಒಳಕ್ಕಿಳಿಸಿದ್ದು ನಾನು, ಈ ಕೈಯಲ್ಲಿ. ಕೊಕ್ಕೆ ಹಾಕೋಕೆ ಬಿಡಲ್ಲ. ಕಟ್ಟೆ ಮೇಲೆ ಹೂಂ ಅಂದಿದ್ದು ನನ್ನ ತಪ್ಪು. ನಿಮ್ಮ ನಂಬಿಕೆ ಅಷ್ಟು ಗಟ್ಟಿ ಇದ್ರೆ, ತಗೊಳ್ಳಿ ಗೌಡ್ರೇ, ಮೊದಲ್ನೇ ಏಟು ನೀವೇ ಹಾಕಿ."

ಎಲ್ಲರೂ ದೊಡ್ಡಮುನಿಯಪ್ಪನ ಕಡೆ ನೋಡಿದರು. ಅವನು ಗುದ್ದಲಿ ಎತ್ತಿಕೊಳ್ಳಲಿಲ್ಲ. ಬೈದ, ಊರು ಹಾಳಾಗುತ್ತದೆ ಎಂದ, ಬಿಸಿಲೇರುವ ತನಕ ನಿಂತಿದ್ದು ಮನೆ ಕಡೆ ನಡೆದ. ಉಳಿದವರೂ ಟೈರು ಉರುಳಿಸಿಕೊಂಡು ಹಿಂದೆಯೇ ಹೋದರು.

ಅವತ್ತೇ ಕೆಂಪರಾಜುವಿನ ಮನೆಗೆ ಬೋರ್‌ವೆಲ್ ನೀರು ನಿಂತಿತು. ನೀರಿಲ್ಲದೆ ಹಿಪ್ಪುನೇರಳೆ ಒಣಗಿ, ಸೊಪ್ಪು ಸಾಲದೆ ಅರ್ಧ ಹುಳು ಸತ್ತವು. ಭಾದ್ರಪದದ ಕೊನೆಗೆ ಒಂದೆರಡು ಹದ ಮಳೆ ಬಿತ್ತು. ಅಕ್ಕಯಮ್ಮ ಇದ್ದಲ್ಲೇ ಇದ್ದಳು. ಮಳೆ ಹೇಗೆ ಬಂತೆಂದು ಊರಿನವರು ತಲೆಗೊಂದು ಮಾತಾಡಿದರು. ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಕಾಲುವೆ ಬಿಡಿಸಲು ಹೊರಟಾಗ, ಆ ಶುಕ್ರವಾರ ಹೊಲಕ್ಕೆ ಬಂದಿದ್ದವರಲ್ಲೂ ಒಬ್ಬಿಬ್ಬರು ಜೊತೆಗೆ ಹೋದರು. ಕೆಂಪರಾಜುವಿನ ಮನೆಗೆ ಹಾಕಿದ್ದ ನೀರಿನ ಕಟ್ಟು ತಾನಾಗಿಯೇ ಸಡಿಲವಾಯಿತು.

ಮಳೆ, ಕಾಲುವೆ ಎಲ್ಲ ಆಮೇಲಿನ ಮಾತು. ಆ ಶುಕ್ರವಾರ ಸಂಜೆ ಗಂಗಲಕ್ಷ್ಮಮ್ಮ ಪಕ್ಕದೂರಿನ ಬಾವಿಯಿಂದ ನೀರು ಹೊತ್ತು ತಂದಳು. ಬಿಂದಿಗೆ ಇಳಿಸಿ ಗಂಡನ ಎದುರಿಗೆ ಬಂದು ಕೂತಳು. ಸೀರೆಯ ಅಂಚು ಮೊಣಕಾಲಿನವರೆಗೆ ಸರಿಸಿದಳು. ಮೀನಖಂಡದ ಮೇಲೆ ಅಂಗೈಯಗಲ ಬಿಳುಪು.

"ಹೋದ ವರ್ಷದಿಂದ ಇದೆ," ಎಂದಳು.

ಅವನು ಬಗ್ಗಿ ನೋಡಿದ. "ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಅಷ್ಟ್ರಲ್ಲಿ ನೀವು ಕಟ್ಟೆ ಮೇಲೆ ಆಗ್ಲಿ ಅಂದ್ಬಿಟ್ರಿ."

ಕೆಂಪರಾಜು ಕೈ ಚಾಚಿ ಆ ಬಿಳಿ ಮಚ್ಚೆಯ ಮೇಲೆ ಅಂಗೈ ಇಟ್ಟ.

"ಹೊಸಕೋಟೆ ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡು ಬರಾಣ."

"ವಾಸಿ ಆಗ್ದಿದ್ರೆ?"

"ಆಗ್ದಿದ್ರೆ ಇರುತ್ತೆ ಕಣೇ. ಇರ್ಲಿ ಬಿಡು."