ಕೋಲು ಇರಲಿ, ಕೋಲು ಬೇಡ

ಫರ್ಗಸ್ ಮೆಲ್ಡ್ರಮ್ ಮತ್ತು ಅವನ ಹೆಂಡತಿ ಇಶ್‌ಬೆಲ್ ಮನೆಬಾಗಿಲಿಗೆ ಯಾವ ಬಣ್ಣ ಬಳಿಯಬೇಕೆಂದು ಜಗಳವಾಡಿದವರಲ್ಲ. ಮಗಳು ಓದು ಬಿಟ್ಟು ದೋಣಿ ಕಟ್ಟುವುದನ್ನು ಕಲಿಯುತ್ತೇನೆ ಎಂದಾಗಲೂ ಇಬ್ಬರದೂ ಒಂದೇ ಮಾತಾಗಿತ್ತು. ಅವರು ಕಿತ್ತಾಡುತ್ತಿದ್ದದ್ದು ಒಂದೇ ವಿಷಯಕ್ಕೆ. ಗಾಲ್ಫ್ ಆಡುವಾಗ ಚೆಂಡು ಗ್ರೀನ್ ಎಂಬ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿನಾಚೆ ನಿಂತಿದೆ, ಅದನ್ನು ಮೆಲ್ಲಗೆ ಎತ್ತಿ ಕುಳಿಯತ್ತ ಉರುಳಿಸಬೇಕು, ಅಂದರೆ ಚಿಪ್ ಮಾಡಬೇಕು. ಆಗ ಕುಳಿಯಲ್ಲಿ ನೆಟ್ಟಿರುವ ಬಾವುಟದ ಕೋಲು ಅಲ್ಲೇ ಇರಬೇಕೋ, ಕಿತ್ತು ಪಕ್ಕಕ್ಕಿಡಬೇಕೋ?

ನಿಯಮದ ಪ್ರಕಾರ ಎರಡೂ ಸರಿ. ಹೊಡೆಯುವವರ ಇಷ್ಟ. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ?

ಫರ್ಗಸ್ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. "ಕುಳಿ ಇರೋದೇ ಇಷ್ಟಗಲ. ಅದರ ಮಧ್ಯ ಕಂಬ ನೆಟ್ಕೊಂಡು ಚೆಂಡಿಗೆ ಒಳಗ್ ಬಾ ಅಂದ್ರೆ ಹೇಗ್ ಬರುತ್ತೆ? ನಿಮ್ಮನೆ ಬಾಗಿಲಲ್ಲಿ ಯಾರಾದ್ರೂ ಕಂಬ ನಿಲ್ಲಿಸ್ತಾರಾ?" ಎನ್ನುತ್ತಿದ್ದ. ಇಶ್‌ಬೆಲ್ ಊರಿನ ಹೆಂಗಸರ ಕೂದಲು ಕತ್ತರಿಸುವವಳು. ನಮ್ಮೆಲ್ಲರ ತಲೆಯೂ ಅವಳ ಕೈಯಲ್ಲಿ, ಹಾಗಾಗಿ ಅವಳ ವಾದವನ್ನು ನಾವು ಪೂರ್ತಿ ಕೇಳಲೇಬೇಕಾಗುತ್ತಿತ್ತು. "ಜೋರಾಗ್ ಬಂದ ಚೆಂಡಿಗೆ ಆ ಕೋಲೇ ಕಣೇ ಗೋಡೆ. ತಾಗಿ ನಿಲ್ಲುತ್ತೆ. ಇವನು ಕೋಲು ಕಿತ್ತು ಹೊಡೆದ ಚೆಂಡೆಲ್ಲ ಸಮುದ್ರ ದಾಟಿ ನಾರ್ವೆ ಮುಟ್ಟಿವೆ" ಎಂದು ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತ ಕತ್ತರಿ ಆಡಿಸುತ್ತಿದ್ದಳು. ನಾನು ತಲೆಯಾಡಿಸಲಾರದೆ "ಹೂಂ" ಎನ್ನುತ್ತಿದ್ದೆ.

ನಮ್ಮೂರು ಕಿಲ್‌ರೆನ್ನೆಟ್‌ನಲ್ಲಿ ಪ್ರತಿ ಸೆಪ್ಟೆಂಬರಿಗೆ ಗಂಡಹೆಂಡಿರ ಪಂದ್ಯ ನಡೆಯುತ್ತದೆ. ಜೋಡಿಗೆ ಒಂದೇ ಚೆಂಡು. ಒಂದು ಹೊಡೆತ ಗಂಡನದು, ಮುಂದಿನದು ಹೆಂಡತಿಯದು. ಗಂಡ ಚೆಂಡನ್ನು ಮುಳ್ಳುಪೊದೆಗೆ ಕಳಿಸಿದರೆ ಹೆಂಡತಿ ಅಲ್ಲಿಂದ ಹೊಡೆಯಬೇಕು. ಸಂಸಾರದ ಹಾಗೆಯೇ. ಮೆಲ್ಡ್ರಮ್ ದಂಪತಿ ಅದರಲ್ಲಿ ಒಮ್ಮೆಯೂ ಆಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಸುಮ್ಮನೆ ಜೊತೆಯಾಗಿ ಆಡಲು ಹೋಗಿ, ಮೂರನೆಯ ಕುಳಿಯ ಹತ್ತಿರ ಕೋಲಿನ ಎರಡು ತುದಿ ಹಿಡಿದು ಎಳೆದಾಡಿ, ಬೇರೆಬೇರೆ ದಾರಿಯಲ್ಲಿ ಮನೆಗೆ ಹೋಗಿದ್ದರಂತೆ.

ಈ ಸಲ ಪಂದ್ಯಕ್ಕೆ ಜೋಡಿಗಳು ಸಾಲದೆ ಹೋದವು. ಕ್ಲಬ್ಬಿನ ಕ್ಯಾಪ್ಟನ್ ಮಿಸೆಸ್ ಡಾಲ್ಗ್ಲೀಶ್ ಹಳೆಯ ಕಾಲದ ಶಾಲಾ ಟೀಚರ್. ಊರಿನ ಅರ್ಧ ಜನರ ಕಿವಿ ಹಿಂಡಿದವರು. ಅವರು ನೇರವಾಗಿ ಇಶ್‌ಬೆಲ್‌ಳ ಅಂಗಡಿಗೇ ಬಂದರು.

"ನೀನು, ನಿನ್ನ ಗಂಡ. ಶನಿವಾರ ಬೆಳಿಗ್ಗೆ. ತಿಳೀತಾ?"

"ಮೇಡಂ, ನಮ್ಮಿಬ್ಬರಲ್ಲಿ ಒಬ್ಬರು ಜೈಲಿಗೆ ಹೋಗ್ತೀವಿ."

"ಹೋಗೋರು ಪಂದ್ಯ ಮುಗಿಸಿ ಹೋಗ್ಲಿ."

ಗಂಡಹೆಂಡಿರು ಒಂದು ಒಪ್ಪಂದಕ್ಕೆ ಬಂದರು. ಯಾರ ಸರದಿಯೋ ಅವರಿಷ್ಟದಂತೆ ಕೋಲು. ಇನ್ನೊಬ್ಬರು ಬಾಯಿ ಬಿಡಕೂಡದು, ಕೆಮ್ಮಕೂಡದು, ನಿಟ್ಟುಸಿರೂ ಬಿಡಕೂಡದು. ಕೊನೆಯದನ್ನು ಸೇರಿಸಿದವಳು ಇಶ್‌ಬೆಲ್, ಗಂಡನ ನಿಟ್ಟುಸಿರು ಗೊತ್ತಿದ್ದವಳು. ಆಶ್ಚರ್ಯವೆಂದರೆ ಬಾಯಿಗೆ ಬೀಗ ಹಾಕಿಕೊಂಡ ಆ ಜೋಡಿ ಗೆಲ್ಲುತ್ತಲೇ ಹೋಯಿತು. ಫೈನಲ್‌ಗೂ ಬಂತು. ಎದುರಿಗಿದ್ದವರು ನಾವು, ನಾನು ಮತ್ತು ನನ್ನ ಗಂಡ ಲಾಕಿ.

ನಾವು ಬೇಕರಿಯವರು. ಲಾಕಿ ಒಳ್ಳೆಯ ಆಟಗಾರ, ಆದರೆ ಫೈನಲ್ ಸೋಲುವುದರಲ್ಲಿ ಪಳಗಿದ ಕೈ. ಆ ಬೆಳಿಗ್ಗೆ ಹಿಟ್ಟು ನಾದುತ್ತಲೇ ನನಗೆ ತಾಕೀತು ಮಾಡಿದ್ದ, "ಇವತ್ತು ಯಾರ್ ಮೇಲೂ ಕನಿಕರ ಪಡಬೇಡ. ಇಶ್‌ಬೆಲ್ ನಿನ್ನ ಗೆಳತಿ ಅನ್ನೋದನ್ನ ಸಂಜೆವರೆಗೂ ಮರೆತುಬಿಡು."

ಪಂದ್ಯ ಕೊನೆಯ ಕುಳಿಗೆ ಬಂದಾಗ ಸಮಸಮವಾಗಿತ್ತು. ಸಮುದ್ರದಿಂದ ಗಾಳಿ ಬೀಸುತ್ತಿತ್ತು. ಟೋಪಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾದಂಥ ಗಾಳಿ. ಕ್ಲಬ್ಬಿನ ಕಲ್ಲುಗೋಡೆಯ ಮೇಲೆ ಅರ್ಧ ಊರು ಕೂತಿತ್ತು. ನಮ್ಮ ಮೂರನೆಯ ಹೊಡೆತ ಕುಳಿಯ ಪಕ್ಕದಲ್ಲೇ ನಿಂತಿತು. ನಾಲ್ಕನೆಯದು ಹೊಡೆಯದಿದ್ದರೂ ಬಿದ್ದಂತೆಯೇ ಎಂದು ಇಶ್‌ಬೆಲ್ ಬಿಟ್ಟುಕೊಟ್ಟಳು. ನಾನು ಚೆಂಡೆತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವರದು ಎರಡೇ ಹೊಡೆತ ಆಗಿತ್ತು, ಆದರೆ ಚೆಂಡು ಗ್ರೀನಿನ ಮೇಲ್ಬದಿಯಲ್ಲಿ, ಒರಟು ಹುಲ್ಲಿನಲ್ಲಿ. ಅಲ್ಲಿಂದ ಕುಳಿಗೆ ಕಡಿದಾದ ಇಳಿಜಾರು. ಕುಳಿ ತಪ್ಪಿದರೆ ಕೆಳಗೆ ಹಳ್ಳ. ಸರದಿ ಫರ್ಗಸನದು. ಒಳಗೆ ಹಾಕಿದರೆ ಗೆಲುವಿನ ಕಪ್ ಅವರದು. ಹಳ್ಳಕ್ಕೆ ಹಾಕಿದರೆ ನಮ್ಮದು.

ಫರ್ಗಸ್ ಕೋಲಿನ ಹತ್ತಿರ ನಡೆದು ಬಂದ. ಕೈಯಿಟ್ಟ. ಕೀಳಲಿಲ್ಲ. ಇಳಿಜಾರು ನೋಡಿದ, ಹಳ್ಳ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಮೋಡ ನೋಡುತ್ತಿದ್ದಳು.

"ಇಶ್‌ಬೆಲ್."

ಅವಳು ಇನ್ನೊಂದು ಮೋಡಕ್ಕೆ ಕಣ್ಣು ಬದಲಿಸಿದಳು.

"ಏನೇ, ಕೇಳಿಸ್ತಾ ಇಲ್ವಾ?"

"ನನ್ ಬಾಯಿ ಮುಚ್ಚಿದೆ. ಒಪ್ಪಂದ ಆಗಿದೆಯಲ್ಲ."

"ಒಪ್ಪಂದ ಹಾಳಾಗ್ಲಿ, ಏನ್ ಮಾಡ್ಲಿ ಹೇಳು."

"ನಾನು ಹೇಳಿ, ಅದು ಹಳ್ಳಕ್ಕೆ ಹೋಗಿ, ಸಾಯೋವರೆಗೂ ನೀನು ಹಂಗಿಸೋದು. ಬೇಡಪ್ಪಾ."

ಗೋಡೆಯ ಮೇಲಿಂದ ಯಾರೋ "ಕಿತ್ತಾಕೋ!" ಎಂದರು. "ಇರ್ಲಿ ಬಿಡೋ!" ಎಂದರು ಇನ್ಯಾರೋ. ಊರು ಅಲ್ಲೇ ಎರಡು ಪಂಗಡವಾಯಿತು. ಮಿಸೆಸ್ ಡಾಲ್ಗ್ಲೀಶ್ ಊರುಗೋಲಿನಿಂದ ಗೋಡೆ ಕುಟ್ಟಿದರು. ಸದ್ದಡಗಿತು.

ಫರ್ಗಸ್ ಕೋಲನ್ನು ಕುಳಿಯಲ್ಲೇ ಬಿಟ್ಟು ಚೆಂಡಿನ ಬಳಿ ವಾಪಸ್ಸು ಹೋದ. ಜೀವಮಾನದಲ್ಲಿ ಮೊದಲ ಸಲ. ಇಶ್‌ಬೆಲ್ ಮೋಡ ನೋಡುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಆ ನೋಟವನ್ನು ಹೇಗೆ ಹೇಳಲಿ? ಮದುವೆಯ ದಿನ ಚರ್ಚಿನಲ್ಲಿ ಅವಳ ಹಿಂದೆ ನಿಂತಿದ್ದವಳು ನಾನು, ಆವತ್ತೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

ಹೊಡೆದ. ಜೋರಾಗಿಯೇ ಹೋಯಿತು. ಚೆಂಡು ಎರಡು ಸಲ ಪುಟಿದು ಇಳಿಜಾರಿಗೆ ಬಿದ್ದು ಹಳ್ಳವೇ ಗತಿ ಎಂಬಂತೆ ಓಡಿಬಂತು. ಟಪ್ ಎಂದು ಕೋಲಿಗೆ ಬಡಿಯಿತು. ಗಾಳಿಗೆ ಕೋಲು ಫರ್ಗಸ್ ಇದ್ದ ಕಡೆಗೇ ವಾಲಿತ್ತು. ಚೆಂಡು ಕೋಲಿಗೂ ಕುಳಿಯ ಅಂಚಿಗೂ ನಡುವೆ ಸಿಕ್ಕಿಕೊಂಡಿತು. ಪೂರ್ತಿ ಒಳಗೂ ಇಲ್ಲ, ಹೊರಗೂ ಇಲ್ಲ.

ಎಲ್ಲರಿಗಿಂತ ಹತ್ತಿರ ಇದ್ದವಳು ನಾನು. ಬಗ್ಗಿ ನೋಡಿದೆ. ಚೆಂಡಿನ ಅರ್ಧ ಭಾಗ ಹುಲ್ಲಿನ ಮಟ್ಟಕ್ಕಿಂತ ಕೆಳಗಿತ್ತು.

ಅಷ್ಟರಲ್ಲಿ ಫರ್ಗಸ್ "ಬಿತ್ತು! ಬಿತ್ತು!" ಎಂದು ಕೂಗುತ್ತ ಓಡಿಬಂದ. ಬಂದವನೇ ಕೋಲನ್ನು ಹಿಡಿದು ಗೆಣಸು ಕಿತ್ತಂತೆ ಕಿತ್ತ. ಕಂಡ ಕೋಲನ್ನೆಲ್ಲ ಕೀಳುವ ಕೈ ಅದು, ಅವನನ್ನು ಕೇಳಲಿಲ್ಲ. ಕೋಲಿನ ಜೊತೆ ಚೆಂಡೂ ಚಿಮ್ಮಿ ಹೊರಬಂತು. ನಮ್ಮೆಲ್ಲರ ಕಣ್ಣೆದುರೇ ಇಳಿಜಾರಿನಲ್ಲಿ ಉರುಳಿ, ಇಶ್‌ಬೆಲ್‌ಳ ಬೂಟಿನ ಪಕ್ಕದಿಂದ ಹಾದು, ಹಳ್ಳಕ್ಕೆ ಬಿತ್ತು. ಪುಳಕ್ ಎಂಬ ಸದ್ದು ಗೋಡೆಯವರೆಗೂ ಕೇಳಿಸಿತಂತೆ.

ಇಶ್‌ಬೆಲ್ ಹಳ್ಳದಿಂದ ಕಣ್ಣೆತ್ತಿ ಗಂಡನತ್ತ ತಿರುಗಿದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು, "ಫರ್ಗಸ್. ಕೋಲು ನಿನಗೇನ್ ಅನ್ಯಾಯ ಮಾಡಿತ್ತು?"

ಅವನು ಬಾವುಟ ಹಿಡಿದುಕೊಂಡೇ ನಿಂತಿದ್ದ, ಸೋತ ದಂಡಿನವನ ಹಾಗೆ. "ಅದು ಕೆಳಗ್ ಬೀಳ್ಲಿ ಅಂತ..."

"ಬಿತ್ತು. ಹಳ್ಳಕ್ಕೆ."

ಹಳೆಯ ಕಾಲದ ನಿಯಮ ಎಲ್ಲರ ತಲೆಯಲ್ಲಿತ್ತು. ಕೋಲು ತೆಗೆದ ಮೇಲೆ ಚೆಂಡು ಕುಳಿಯ ತಳಕ್ಕೆ ಬೀಳಬೇಕು, ಇಲ್ಲವಾದರೆ ಇಲ್ಲ. ಗೋಡೆಯ ಮೇಲಿನವರು ತಲೆಗೊಂದು ಮಾತು ಶುರುಮಾಡಿದರು. ಮಿಸೆಸ್ ಡಾಲ್ಗ್ಲೀಶ್ ಇಳಿದು ಬಂದು ಕನ್ನಡಕ ಸರಿಪಡಿಸಿಕೊಂಡರು.

"ಸಿಕ್ಕಿಕೊಂಡಿದ್ದ ಚೆಂಡಿನ ಒಂದು ಭಾಗವಾದ್ರೂ ಹುಲ್ಲಿನ ಮಟ್ಟಕ್ಕಿಂತ ಕೆಳಗಿದ್ರೆ ಆಗಲೇ ಬಿದ್ದ ಲೆಕ್ಕ. ಈಗಿನ ನಿಯಮ ಅದು. ಆಮೇಲೆ ಈ ಪೆದ್ದ ಕೋಲು ಕಿತ್ರೂ ಒಂದೇ, ನುಂಗಿದ್ರೂ ಒಂದೇ. ಆದ್ರೆ ಮಟ್ಟಕ್ಕಿಂತ ಕೆಳಗಿತ್ತಾ? ಯಾರ್ ನೋಡಿದ್ರಿ?"

ಫರ್ಗಸ್ ಓಡುತ್ತಿದ್ದ, ನೋಡಿರಲಿಲ್ಲ. ಇಶ್‌ಬೆಲ್ ಹಳ್ಳದ ಕಡೆಗಿದ್ದಳು. ಎಲ್ಲರೂ ನನ್ನತ್ತ ತಿರುಗಿದರು. ಲಾಕಿಯೂ. ಅವನ ಎಡಗಣ್ಣು ಎರಡು ಸಲ ಮುಚ್ಚಿ ತೆರೆಯಿತು.

ಆಸೆ ಆಗಲಿಲ್ಲ ಎಂದರೆ ಸುಳ್ಳು. "ಸರಿಯಾಗಿ ಕಾಣಲಿಲ್ಲ" ಎಂದರೆ ಸಾಕಿತ್ತು. ನನಗೂ ವಯಸ್ಸಾಗಿದೆ, ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಯಾರೂ ಸಂಶಯಪಡುತ್ತಿರಲಿಲ್ಲ. ಬಾಯಿ ತೆರೆದಾಗಲೂ ಏನು ಹೊರಬರುತ್ತದೋ ನನಗೇ ಗೊತ್ತಿರಲಿಲ್ಲ.

"ಅರ್ಧ ಒಳಗಿತ್ತು ಮೇಡಂ" ಎಂದೆ. "ನಾನ್ ಕಣ್ಣಾರೆ ನೋಡ್ದೆ."

ಗೋಡೆಯ ಮೇಲೆ ಕೋಲಾಹಲ. ಇಶ್‌ಬೆಲ್ ಬಂದು ನನ್ನನ್ನು ತಬ್ಬಿಕೊಂಡಳು, ಆಮೇಲೆ ಗಂಡನನ್ನು ತಬ್ಬಿಕೊಂಡಳು, ಆಮೇಲೆ ಅವನ ಕೈಯಿಂದ ಕೋಲು ಕಿತ್ತುಕೊಂಡು ಅದರಿಂದಲೇ ಅವನ ಬೆನ್ನಿಗೊಂದು ಬಿಟ್ಟಳು.

ರಗಳೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಕ್ಲಬ್ಬಿನೊಳಗೆ ಗೆದ್ದ ಕಪ್‌ಗೆ ವಿಸ್ಕಿ ಸುರಿಯುವ ಹೊತ್ತಿಗೇ ಮತ್ತೆ ಶುರುವಾಗಿತ್ತು.

"ಒಪ್ಕೋ. ಕೋಲು ಇಲ್ದಿದ್ರೆ ಆ ಚೆಂಡು ನೇರ ಹಳ್ಳಕ್ಕೆ" ಎಂದಳು ಇಶ್‌ಬೆಲ್.

"ಹಳ್ಳಕ್ಕೆ ಹೇಗಿದ್ರೂ ಹೋಯ್ತಲ್ಲ! ಕೋಲು ಇದ್ದಿದ್ದಕ್ಕೇ ಸಿಕ್ಕಾಕೊಂಡಿದ್ದು. ಇಲ್ದಿದ್ರೆ ಕೊಟಕ್ ಅಂತ ಒಳಗ್ ಬೀಳ್ತಿತ್ತು, ಯಾರ ಸಾಕ್ಷೀನೂ ಬೇಕಿರ್ಲಿಲ್ಲ."

"ಹಾಗಾದ್ರೆ ಅವಳನ್ನೇ ಕೇಳು. ನೋಡಿದೋಳು ಅವಳು."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕೋಟು ತೆಗೆದುಕೊಂಡು ಹೊರಟೆ.

ಲಾಕಿ ಬಾಗಿಲಲ್ಲೇ ಕಾಯುತ್ತಿದ್ದ. ಬಂದರಿನ ದಾರಿಯುದ್ದಕ್ಕೂ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದ. ಮೀನು ಕರಿಯುವ ಅಂಗಡಿಯ ಮುಂದೆ ನಿಂತು ಎರಡು ಪೊಟ್ಟಣ ಕಟ್ಟಿಸಿದ. ನನ್ನದಕ್ಕೆ ವಿನೆಗರ್ ಜಾಸ್ತಿ ಹಾಕಿಸಿದ, ನನಗಿಷ್ಟವಾಗುವಷ್ಟು. ಬಂದರಿನ ಗೋಡೆಯ ಮೇಲೆ ಕೂತು ತಿನ್ನತೊಡಗಿದೆವು.

"ನಾನ್ ಕಣ್ ಹೊಡೆದಿದ್ದು ಕಾಣ್ಲಿಲ್ವಾ ನಿಂಗೆ?"

"ಕಾಣ್ತು. ಕಣ್ಣಿಗೆ ಮರಳು ಬಿತ್ತೇನೋ ಅಂದ್ಕೊಂಡೆ."

"ಎರಡು ಸಲಾನೂ?"

"ಗಾಳಿ ಜೋರಿತ್ತಲ್ಲ."

ಅವನು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿಯುತ್ತಿದ್ದವನ ಭುಜ ಕುಲುಕತೊಡಗಿತು. ಮೊದಲು ಕೆಮ್ಮು ಎಂದುಕೊಂಡೆ. "ಗೆಣಸು ಕಿತ್ತಂಗ್ ಕಿತ್ತ ಕಣೇ!" ಎಂದು ಅವನು ನಗಲು ಶುರುಮಾಡಿದ. ಬಾಯಲ್ಲಿದ್ದ ಮೀನು ನೆತ್ತಿಗೇರಿತು. ನಾನು ನಗುತ್ತಲೇ ಅವನ ಬೆನ್ನು ತಟ್ಟುತ್ತ ಕೂತೆ.