ನಿಂತಲ್ಲೇ ಬಿದ್ದವರು

ನಾನು ಒಂದು ಪೆಡಲ್. ಹಾಲು ಹಾಕುವವರ ಸೈಕಲ್ಲಿನಲ್ಲಿರುವ ರಬ್ಬರ್ ಪಟ್ಟಿಯ ಪೆಡಲ್ ಅಲ್ಲ, ರೇಸ್ ಸೈಕಲ್ಲಿನದು. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದೆ. ನಾನು ಎಡಗಾಲಿನವನು. ನನ್ನ ಜೊತೆಗೆ ಬಲಗಾಲಿನ ತಮ್ಮನೂ ಹುಟ್ಟಿದ. ನಮ್ಮಿಬ್ಬರಿಗೂ ಒಂದೊಂದು ದವಡೆ, ದವಡೆಯ ಹಿಂದೆ ಒಂದೊಂದು ಸ್ಪ್ರಿಂಗ್. ಸವಾರರ ಬೂಟಿನ ಅಡಿಗೆ ಕ್ಲೀಟ್ ಎಂಬ ಮೂರು ಮೂಲೆಯ ಬಿಲ್ಲೆಯೊಂದನ್ನು ಬಿಗಿದಿರುತ್ತಾರೆ. ಅದನ್ನು ಒತ್ತಿದರೆ ಟಕ್ಕೆಂದು ಹಿಡಿಯುತ್ತೇನೆ. ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಬಿಡುತ್ತೇನೆ. ಮೇಲಕ್ಕೆ ಜಗ್ಗಿದರೂ ಒದ್ದಾಡಿದರೂ ಬಿಡುವುದಿಲ್ಲ. ಕಾರ್ಖಾನೆ ಕಲಿಸಿ ಕಳಿಸಿದ್ದು ಇಷ್ಟೇ.

ನಮ್ಮನ್ನು ಮೊದಲು ಕೊಂಡವನು ಲಗಮಪ್ಪ. ಕೃಷ್ಣೆಯ ಆಚೆಯ ಬಿಸಿಲು ಸೀಮೆಯವನು, ರೇಸಿನ ಹುಚ್ಚಿನವನು. ಮೊದಲ ದಿನವೇ ಚಹಾದ ಅಂಗಡಿಯ ಮುಂದೆ ಬ್ರೇಕ್ ಹಿಡಿದ, ಕಾಲು ಊರಲು ಹೋದ, ಹಿಮ್ಮಡಿ ತಿರುಗಿಸುವುದನ್ನು ಮರೆತು ಮೇಲಕ್ಕೆ ಜಗ್ಗಿದ. ಕಡಿದ ಮರ ಉರುಳಿದ ಹಾಗೆ ಸೈಕಲ್ಲಿನ ಸಮೇತ ಎಡಕ್ಕೆ ಉರುಳಿದ.

"ಓಡಾಗ ಬೀಳೋರ್ನ ನೋಡೀನಿ, ನಿಂತು ಬೀಳಾವನ್ನ ಇವತ್ತ ನೋಡಿದೆ ನೋಡೋ ಲಗಮ್ಯಾ!" ಎಂದ ಅಂಗಡಿಯವನು.

"ನಾ ಎಲ್ಲಿ ಬಿದ್ದೀನಿ ಕಾಕಾ? ಸೈಕಲ್ಲ ಮಲಕೊಂಡೈತಿ. ನನ್ನ ಕಾಲು ಅದರ ಕೂಡ ಐತಿ, ಅಷ್ಟ."

ಒಮ್ಮೆ ಬಿದ್ದವನು ಮತ್ತೆ ಬೀಳಲಿಲ್ಲ. ರೈಲ್ವೆ ಗೇಟು ಇನ್ನೂ ದೂರವಿರುವಾಗಲೇ ಎಡಗಾಲು ಬಿಚ್ಚಿ, ಜೋತುಬಿಟ್ಟುಕೊಂಡು ಬರುತ್ತಿದ್ದ. ಕೆಳಗಿನಿಂದ ಮನುಷ್ಯರನ್ನು ನೋಡುವ ನನಗೆ ಅವರ ಗುಣ ತಿಳಿಯುವುದು ಇಲ್ಲಿಯೇ. ಕೆಲವರು ಕೊನೆಯ ಕ್ಷಣದವರೆಗೂ ಬಿಚ್ಚುವುದಿಲ್ಲ. ಕೆಲವರು ಬೀಡಿ ಹೊಸಕಿದ ಹಾಗೆ ಹಿಮ್ಮಡಿ ಹೊರಳಿಸುತ್ತಾರೆ. ಆದರೆ ಒಂದು ವಿಷಯದಲ್ಲಿ ಬಹುತೇಕ ಎಲ್ಲರೂ ಒಂದೇ. ನಮ್ಮಲ್ಲಿ ರಸ್ತೆಯ ಎಡಕ್ಕೆ ಓಡಿಸಬೇಕು, ದಂಡೆ ಇರುವುದು ಎಡಕ್ಕೆ, ಆದ್ದರಿಂದ ಊರುವುದು ಎಡಗಾಲು. ನಿಂತಾಗಲೆಲ್ಲ ತೆರೆಯುವವನು ನಾನು. ತಮ್ಮ ಒಮ್ಮೆ ಹಿಡಿದರೆ ಮನೆಗೆ ಬಂದ ಮೇಲೆಯೇ ಬಿಡುವುದು. ನಾನು ಸವೆದೆ, ಅವನು ಹೊಸದಾಗಿಯೇ ಉಳಿದ.

ಲಗಮಪ್ಪನಿಗೆ ಕ್ರೀಡೆಯ ಕೋಟಾದಲ್ಲಿ ನೌಕರಿ ಸಿಕ್ಕಿತು. ಹೊಟ್ಟೆ ಬಂತು. ನಮ್ಮನ್ನು ಬಿಚ್ಚಿ, ತಾನು ಓದಿ ಬೆಳೆದ ಸೈಕ್ಲಿಂಗ್ ಹಾಸ್ಟೆಲಿಗೆ ಕೊಟ್ಟುಬಿಟ್ಟ. ಅಲ್ಲಿ ನಾವು ಸೇರಿದ್ದು ಜಮುನಾ ರಾಠೋಡಳ ಸೈಕಲ್ಲಿಗೆ. ತಾಂಡಾದ ಹುಡುಗಿ, ಬಿದಿರಿನಂಥ ಕಾಲು. ಅವಳ ಬೂಟು ಬೇರೆಯವರು ಬಿಟ್ಟಿದ್ದು, ಒಂದು ಅಳತೆ ದೊಡ್ಡದು. ಒಳಗೆ ಬಟ್ಟೆ ತುರುಕಿಕೊಳ್ಳುತ್ತಿದ್ದಳು.

ಆ ಹಾಸ್ಟೆಲಿನಲ್ಲಿ ಒಂದು ಪದ್ಧತಿ ಇತ್ತು. ಸಿಗ್ನಲ್ ಬಿದ್ದಾಗ, ಗೇಟು ಹಾಕಿದಾಗ, ಸೀನಿಯರ್ ಹುಡುಗಿ ಕಾಲು ಬಿಚ್ಚುವುದಿಲ್ಲ. ಜೂನಿಯರ್ ಅವಳ ಎಡಕ್ಕೆ ಬಂದು, ಎಡಗಾಲು ಊರಿ ಗಟ್ಟಿಯಾಗಿ ನಿಲ್ಲಬೇಕು. ಸೀನಿಯರ್ ಅವಳ ಹೆಗಲ ಮೇಲೆ ಕೈಯಿಟ್ಟು, ಎರಡೂ ಕಾಲು ಪೆಡಲಿನಲ್ಲೇ ಇಟ್ಟುಕೊಂಡು ಒರಗುತ್ತಾಳೆ. ಹಾಗೆ ನಿಲ್ಲುವವಳ ಹೆಸರು ಕಂಬ. ಕ್ಲೀಟ್ ಸವೆಯಬಾರದು, ಹೊರಡುವಾಗ ತಡವಾಗಬಾರದು ಎಂದು ಕಾರಣ ಹೇಳುತ್ತಿದ್ದರು. ನಿಜವಾದ ಕಾರಣ, ಒರಗುವವರಿಗೆ ಒರಗುವುದು ಚೆನ್ನಾಗಿರುತ್ತದೆ.

ಜಮುನಾ ಶೋಭಾ ಎಂಬ ಸೀನಿಯರಿಗೆ ಕಂಬವಾಗಿದ್ದಳು.

"ಅಲುಗಾಡಬ್ಯಾಡ. ಲೈಟಿನ ಕಂಬ ಅಲುಗಾಡತೈತೇನು?" ಎನ್ನುತ್ತಿದ್ದಳು ಶೋಭಾ.

"ಲೈಟಿನ ಕಂಬಕ್ಕ ಬೆವರು ಬರಂಗಿಲ್ಲಕ್ಕಾ."

"ಬಾಯಿನೂ ಇರಂಗಿಲ್ಲ."

ಹೀಗೆ ಇಬ್ಬರ ಭಾರ ಹೊತ್ತು ಡಾಂಬರಿಗೆ ಉಜ್ಜಿ ಉಜ್ಜಿ ಜಮುನಾಳ ಎಡ ಕ್ಲೀಟು ಮೊಂಡಾಯಿತು. ನಾನಂತೂ ಮೊದಲೇ ಸವೆದವನು. ಕೊನೆಯ ಗೆರೆಯ ಹತ್ತಿರ ಅವಳು ಮೈಯೆಲ್ಲ ಬಿಗಿದು ತುಳಿಯುವಾಗ ಕಾಲು ನನ್ನಿಂದ ಜಾರಿಬಿಡುತ್ತಿತ್ತು. ಮೊದಲ ಸಾಲಿನಲ್ಲಿ ಬಂದವಳು ಕೊನೆಗೆ ಹಿಂದೆ ಬೀಳುತ್ತಿದ್ದಳು. ರಾಜ್ಯ ತಂಡದ ಆಯ್ಕೆ ಎರಡು ಬಾರಿ ಹಾಗೇ ಕೈತಪ್ಪಿತು.

ಶೋಭಾ ತಂಡಕ್ಕೆ ಆಯ್ಕೆಯಾಗಿ ಹೊರಟುಹೋದಳು. ಆ ದಿನ ಜಮುನಾ ಸೈಕಲ್ ಒರೆಸುತ್ತ ಗೆಳತಿಯರ ಮುಂದೆ, "ನಾ ಮಾತ್ರ ಯಾರನ್ನೂ ಕಂಬ ಮಾಡಂಗಿಲ್ಲ" ಎಂದಳು. ಬಹಳ ದಿನ ಹಾಗೆಯೇ ನಡೆದುಕೊಂಡಳು ಕೂಡ.

ಮೂರನೆಯ ಆಯ್ಕೆ ಹತ್ತಿರ ಬಂತು. ವಯಸ್ಸಿನ ಲೆಕ್ಕದಲ್ಲಿ ಅದೇ ಅವಳ ಕೊನೆಯದು. ಕೋಚ್ ಮಠಪತಿ ಸರ್ ಸೈಕಲ್ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಅವಳು ಮೆಲ್ಲಗೆ ಹೇಳಿದಳು:

"ಈ ಸಲ ಆಗಲಿಲ್ಲಂದ್ರ ಕಬ್ಬು ಕಡಿಯೋ ಗ್ಯಾಂಗಿಗೆ ಹೋಗಬೇಕ್ರಿ ಸರ್. ಒಬ್ಬಾಕಿನ್ನ ತಗೊಳಂಗಿಲ್ಲರಿ, ಗಂಡ-ಹೆಂಡ್ತಿ ಜೋಡೀನ ಬೇಕಂತಾರ. ನಮ್ಮಪ್ಪ ಹುಡುಗನ್ನ ನೋಡ್ಯಾನ."

"ಹುಡುಗ ಹೆಂಗದಾನ?"

"ಕುಡಗೋಲು ಛಲೋ ಬೀಸ್ತಾನಂತ್ರಿ."

ಸರ್ ನಗಲಿಲ್ಲ. ನನ್ನನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. "ಇದರ ಸ್ಪ್ರಿಂಗ್ ಸಡ್ಲ ಆಗೈತಿ, ಅದಕ್ಕ ಕಾಲು ಕಿತ್ತು ಬರತೈತಿ" ಎಂದು ನನ್ನ ಹಿಂದಿನ ಸ್ಕ್ರೂ ಪೂರ್ತಿ ಬಿಗಿದರು. ಬೂಟಿಗೆ ಹೊಸ ಕ್ಲೀಟನ್ನೂ ಹಾಕಿದರು. "ಇನ್ನ ಜಾರಂಗಿಲ್ಲ. ಆದ್ರ ಬಿಚ್ಚಾಗ ಜೋರು ಹಾಕಬೇಕ ನೋಡು."

ನಿಜಕ್ಕೂ ಜಾರಲಿಲ್ಲ. ಆ ವಾರ ಅವಳು ತುಳಿದ ತುಳಿತ ನನ್ನ ಜೀವಮಾನದಲ್ಲಿ ಯಾರೂ ತುಳಿದದ್ದಲ್ಲ. ಆದರೆ ಪ್ರತಿ ನಿಲುಗಡೆಯಲ್ಲೂ ಹಿಮ್ಮಡಿ ತಿರುಗಿಸುವಾಗ ಅವಳ ಕಾಲಿನ ಹರಡು ನೋವಿಗೆ ನಡುಗುವುದು ನನಗೆ ತಿಳಿಯುತ್ತಿತ್ತು.

ಆಯ್ಕೆಗೆ ಕೆಲವೇ ದಿನ ಉಳಿದಿದ್ದಾಗ, ದೂರದ ಅಭ್ಯಾಸ ಮುಗಿಸಿ ಬರುವ ಹೊತ್ತಿಗೆ ರೈಲ್ವೆ ಗೇಟು ಹಾಕಿತ್ತು. ಬಿಸಿಲು ಏರಿತ್ತು. ಜಮುನಾಳ ಹಿಂದೆ ಆ ವರ್ಷವೇ ಸೇರಿದ ಗುರುಬಾಯಿ ಎಂಬ ಸಣ್ಣ ಹುಡುಗಿ ಬರುತ್ತಿದ್ದಳು. ಜಮುನಾ ವೇಗ ಇಳಿಸಿದಳು, ಹಿಮ್ಮಡಿಯನ್ನು ಸ್ವಲ್ಪ ತಿರುಗಿಸಿ ನೋಡಿದಳು, ನೋವಾಯಿತು, ಬಿಟ್ಟಳು.

"ಗುರುಬಾಯಿ, ಕಂಬ."

ದನಿ ಥೇಟ್ ಶೋಭಾಳದೇ.

ಗುರುಬಾಯಿ ಹಿಗ್ಗಿನಿಂದ ಎಡಕ್ಕೆ ಬಂದು ಬ್ರೇಕ್ ಹಿಡಿದಳು. ಜಮುನಾ ಅವಳ ಹೆಗಲ ಮೇಲೆ ಕೈಯಿಟ್ಟಳು. ಆದರೆ ಗುರುಬಾಯಿ ಬಿಚ್ಚಿದ್ದು ಎಡಗಾಲನ್ನಲ್ಲ, ಬಲಗಾಲನ್ನು. ಬಲಗಾಲು ಊರಬೇಕಾದರೆ ಸೈಕಲ್ಲು ಬಲಕ್ಕೆ ವಾಲಬೇಕು, ಬಲಕ್ಕೆ ಜಮುನಾ ಇದ್ದಳು. ಕಂಬವೇ ಒರಗಿದವಳ ಮೇಲೆ ಬಂತು. ಜಮುನಾ ಇದ್ದ ಬಲವನ್ನೆಲ್ಲ ಹಾಕಿ ಎಡ ಹಿಮ್ಮಡಿ ತಿರುಗಿಸಿದಳು. ಅಷ್ಟು ಬಿಗಿ ಇದ್ದರೂ ನಾನು ಬಿಟ್ಟೆ. ಆದರೆ ಅವಳು ಬೀಳುತ್ತಿದ್ದದ್ದು ಬಲಕ್ಕೆ. ಬಲಗಾಲು ಬಿಚ್ಚಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ತಮ್ಮ ಹಿಡಿದವನು ಹಿಡಿದೇ ಇದ್ದ. ಜಮುನಾ ಬಲ ಹೆಗಲಿನ ಮೇಲೆ ಬಿದ್ದಳು, ಅವಳ ಮೇಲೆ ಗುರುಬಾಯಿ, ಗುರುಬಾಯಿಯ ಮೇಲೆ ಅವಳ ಸೈಕಲ್ಲು.

ಗೇಟಿನ ಹತ್ತಿರ ಬೈಕಿನ ಮೇಲೆ ಕೂತಿದ್ದವನೊಬ್ಬ ನಕ್ಕ. "ನಿಂತಲ್ಲೇ ಬಿದ್ವಲ್ಲೋ ಇವು! ಇವು ರೇಸ್ ಹೊಡೀತಾವಂತ!"

ಜಮುನಾ ಏಳದಿದ್ದಾಗ ನಗು ನಿಲ್ಲಿಸಿ, ಇಳಿದು ಬಂದ.

ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಆಯ್ಕೆ ಅವಳಿಲ್ಲದೆ ನಡೆಯಿತು.

ಮಠಪತಿ ಸರ್ ಗುರುಬಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. "ಎಲ್ಲಾರೂ ಎಡಗಾಲು ಬಿಚ್ಚಿದ್ರ ನೀ ಯಾಕ ಬಲಗಾಲು ಬಿಚ್ಚಿದಿ?"

"ನಮ್ಮೂರಾಗ ಕಾಲುವಿ ದಂಡಿ ಮ್ಯಾಲ ಸೈಕಲ್ಲ ಕಲತೀನ್ರಿ ಸರ್. ಎಡಕ್ಕ ನೀರು ಇರತಿತ್ರಿ."

"ಮೊದಲ ಹೇಳಾಕ ಏನಾಗಿತ್ತು?"

"ಯಾರೂ ಕೇಳಲಿಲ್ರಿ."

ಮರುದಿನದಿಂದ ಹಾಸ್ಟೆಲಿನಲ್ಲಿ ಹೊಸ ನಿಯಮ ಬಂತು. ಕಂಬ ಮಾಡಬಾರದು ಎಂದಲ್ಲ. ಹೊಸದಾಗಿ ಸೇರಿದವರೆಲ್ಲರೂ ಎಡಗಾಲನ್ನೇ ಬಿಚ್ಚಿ ರೂಢಿ ಮಾಡಿಕೊಳ್ಳಬೇಕು ಎಂದು. ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಕಲಿಸುತ್ತಿದ್ದರು. ಟಕ್, ಟಕ್, ಎಲ್ಲವೂ ಎಡಗಡೆಯ ಸದ್ದು.

ದೀಪಾವಳಿಯ ಮುಂಚೆ ಜಮುನಾ ಟ್ರಂಕ್ ಒಯ್ಯಲು ಬಂದಳು. ಕುತ್ತಿಗೆಯಲ್ಲಿ ಹೊಸ ಕರಿಮಣಿ ಇತ್ತು. ಹೊರಗೆ ನಿಂತಿದ್ದ ಹುಡುಗ ಒಳಗೆ ಬರಲು ನಾಚುತ್ತಿದ್ದ. ಅವಳ ಸೈಕಲ್ಲು ಆಗಲೇ ಗುರುಬಾಯಿಯ ಪಾಲಿಗೆ ಬಂದಿತ್ತು. ಗುರುಬಾಯಿ ನೆಲ ನೋಡುತ್ತ ನಿಂತಳು.

"ಈಗ ಯಾವ ಕಾಲು ಬಿಚ್ಚತಿ?"

"ಎಡಗಾಲಕ್ಕಾ."

"ಛಲೋ ಆತು," ಎಂದಳು ಜಮುನಾ. ಬಲಗೈ ಮೇಲಕ್ಕೆ ಏಳದ್ದರಿಂದ ಟ್ರಂಕನ್ನು ಎಡಗೈಯಲ್ಲಿ ಹಿಡಿದು ನಡೆದಳು. ಆ ಹೆಗಲಿಟ್ಟುಕೊಂಡು ಅವಳು ಕಬ್ಬು ಹೇಗೆ ಕಡಿದಳೋ ನನಗೆ ಗೊತ್ತಿಲ್ಲ. ಮತ್ತೆ ಅವಳು ಬರಲಿಲ್ಲ.

ಬಿಗಿದ ಸ್ಪ್ರಿಂಗು ಮರುವರ್ಷ ಮುರಿಯಿತು. ನನ್ನ ಜೊತೆ ತಮ್ಮನನ್ನೂ ಬಿಚ್ಚಿದರು, ಒಂಟಿ ಪೆಡಲ್ ಯಾರಿಗೂ ಬೇಡ. ಈಗ ನಾವು ಸ್ಟೋರ್ ರೂಮಿನ ಡಬ್ಬಿಯಲ್ಲಿ, ಸವೆದ ಬ್ರೇಕ್ ರಬ್ಬರುಗಳ ನಡುವೆ ಇದ್ದೇವೆ. ಗೇಟಿನ ಹತ್ತಿರ ಬಿದ್ದಾಗ ಆದ ಒಂದು ಗೀರು ಬಿಟ್ಟರೆ ತಮ್ಮ ಈಗಲೂ ಹೊಸದಾಗಿಯೇ ಇದ್ದಾನೆ. ಜಮುನಾ ತಿರುಗಿಸಿದಾಗ ನಾನು ಬಿಟ್ಟೆ, ಬಿಟ್ಟದ್ದರಿಂದ ಏನೂ ಉಪಯೋಗವಾಗಲಿಲ್ಲ. ಪೆಡಲ್ ಮಾಡಬಹುದಾದದ್ದು ಅಷ್ಟೇ.

ಕಿಟಕಿಯ ಆಚೆ ಹುಡುಗಿಯರು ಅಭ್ಯಾಸದಿಂದ ಮರಳಿ ಬರುತ್ತಾರೆ. ಬ್ರೇಕ್ ಹಿಡಿದ ಸದ್ದು, ಆಮೇಲೆ ಗುರುಬಾಯಿಯ ದನಿ:

"ಏ ಹೊಸಾಕಿ, ಎಡಕ್ಕ ಬಾ. ಅಲುಗಾಡಬ್ಯಾಡ."